ಹ್ಯಾಲೋವೀನಿನ ಎಡೆ

ಬಾಂಗ್ಸಾರ್, ಕೌಲಾಲಂಪುರ
12 ಜನವರಿ 2025

ಮಾವನವರಿಗೆ ನವ್ಯಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಸುಳ್ಳು ಬರೆಯಲು ಮನಸ್ಸಿಲ್ಲ. ನನಗೆ ಸಿಟ್ಟು ಬಂದಿದೆ. ನವೆಂಬರಿನಲ್ಲಿ ಬಂದ ಸಿಟ್ಟು, ಇನ್ನೂ ಇಳಿದಿಲ್ಲ.

ಫೋನಿನಲ್ಲಿ ಕೇಳೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ. ಜೀವಮಾನವಿಡೀ ಬಸ್ಸಿನ ಎಂಜಿನ್ ಪಕ್ಕ ನಿಂತು ಟಿಕೆಟ್ ಹರಿದ ಕಂಡಕ್ಟರ್ ಕಿವಿ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಕೇಳದ ಕಿವಿಗೂ ಒಂದು ಉಪಯೋಗ ಕಂಡುಕೊಂಡಿದ್ದೀರಿ ನೋಡಿ, ಅದಕ್ಕೆ ಸಿಟ್ಟು. "ಯಾಕ್ ಮಾವ ಹಂಗೆ ಹೊರಟುಹೋದ್ರಿ?" ಎಂದು ನಾನು ಪಕ್ಕದ ಮನೆಗೆ ಕೇಳುವಂತೆ ಕಿರುಚಿದರೆ "ಹ್ಞೂಂ, ಊಟ ಆಯ್ತಮ್ಮ" ಎಂದು ಫೋನನ್ನು ಚಾಮುಂಡಿಯ ಕೈಗೆ ದಾಟಿಸುತ್ತೀರಿ. ಅವಳೋ ನಿಮ್ಮ ಮಗಳು. "ಅಪ್ಪಂಗೆ ಅಲ್ಲಿನ ಹವಾ ಒಗ್ಗಲಿಲ್ವಂತೆ ಅತ್ತಿಗೆ" ಎನ್ನುತ್ತಾಳೆ. ಜೂನ್ ತಿಂಗಳಲ್ಲಿ ನೀವು ಇಲ್ಲಿಗೆ ಬಂದಾಗಿನಿಂದ ಒಗ್ಗಿದ ಹವಾ ದೀಪಾವಳಿಯ ಮಾರನೇ ಬೆಳಿಗ್ಗೆ ಕೆಟ್ಟುಹೋಯಿತೇ?

ಆ ಸಂಜೆ ನಡೆದದ್ದನ್ನು ನನಗೆ ಗೊತ್ತಿರುವಷ್ಟು ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಅತ್ತೆ ಹೋದದ್ದು ಫೆಬ್ರವರಿಯಲ್ಲಿ. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬ ಮಾಡಬಾರದು ಎಂದವರು ನೀವೇ. ಸರಿ, ದೀಪಾವಳಿಗೆ ಒಬ್ಬಟ್ಟಿಲ್ಲ, ದೀಪದ ಸಾಲಿಲ್ಲ. ಎದುರು ಮನೆಯ ತಮಿಳರು ಮುರುಕ್ಕು ಕರಿಯುವ ವಾಸನೆ ಬೀದಿಗೆಲ್ಲ ಹರಡಿತ್ತು, ನಮ್ಮ ಅನನ್ಯ ಮುಖ ಊದಿಸಿಕೊಂಡು ಕೂತಿತ್ತು. ಕಳೆದ ವರ್ಷ ದೀಪಾವಳಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದವು. ಅನನ್ಯ ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಪ್ರತಿ ವರ್ಷ ಆ ದಿನ ನಾನು ಮನೆಯಲ್ಲಿ ದೆವ್ವದೂಟ ಮಾಡುತ್ತೇನೆ. ಇದು ನಮ್ಮ ಹಬ್ಬವಲ್ಲ, ದೇವರಿಲ್ಲ, ಮಂತ್ರವಿಲ್ಲ, ಸೂತಕದ ಮನೆಯಲ್ಲಿ ಮಾಡಿದರೂ ಯಾರಿಗೆ ಏನು ನಷ್ಟ ಎಂದುಕೊಂಡೆ. ಮಗು ನಗಲಿ ಅಂತ ಮಾಡಿದೆ, ಅಷ್ಟೆ.

ನೀವೂ ಬೇಡ ಎನ್ನಲಿಲ್ಲ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಎಂದು ಚಾಕು ಕಿತ್ತುಕೊಂಡು ನೀವೇ ಹೋಳು ಮಾಡಿಕೊಟ್ಟಿರಿ. ಬಾಳೆಲೆ ಒರೆಸಿಕೊಟ್ಟಿರಿ. ಇಡ್ಲಿಗೆ ಕಪ್ಪು ದ್ರಾಕ್ಷಿ ಒತ್ತಿ ಕಣ್ಣುಗುಡ್ಡೆ ಮಾಡಿದ್ದೆ, ಬೀಟ್‌ರೂಟ್ ಸಾರು ರಕ್ತ, ರಾಗಿಮುದ್ದೆಗೆ ಕುಳಿ ತೋಡಿ ತಲೆಬುರುಡೆ, ಇಲ್ಲಿನವರು ಹೂವು ಹಾಕಿ ಬೇಯಿಸುವ ನೀಲಿ ಅನ್ನ ದೆವ್ವದ ಅನ್ನ. ಊಟದ ಕೋಣೆಯ ದೀಪ ಆರಿಸಿ, ಮೇಣದ ಬತ್ತಿ ಹಚ್ಚಿ, ಒಂದು ಕುರ್ಚಿಗೆ ಬಿಳಿ ಬೆಡ್‌ಶೀಟ್ ಹೊದಿಸಿ ಬಾಗಿಲು ಹಾಕಿದೆ. "ನಾನು ಕರೆಯೋವರೆಗೂ ಯಾರೂ ಒಳಗೆ ಹೋಗ್ಬೇಡಿ" ಎಂದು ಹೇಳಿ ಹಿಂದಿನ ಅಡುಗೆಮನೆಗೆ ಹೋದೆ. ನಿಮ್ಮ ಮಗ ಎಂದಿನಂತೆ ಕ್ಲಾಂಗ್ ಬಂದರಿನಲ್ಲಿ. ಅವರಿಗೆ ಯಾವ ರಜೆಯಲ್ಲೂ ಒಂದು ಹಡಗು ಬಂದೇ ಬರುತ್ತದೆ.

ಎಣ್ಣೆಯ ಸದ್ದಿನಲ್ಲಿ ಯಾರೋ ಕೂಗಿದ್ದು ಕೇಳಿಸಿತು. ಓಡಿ ಬಂದರೆ ನೀವು ರೂಮಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಿರಿ. ಅನನ್ಯ ಬಚ್ಚಲಲ್ಲಿ. ಅವಳ ಗೆಳತಿ ಇಂಚರ ಸೋಫಾ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದಳು. "ಹಸಿವಿಲ್ಲ" ಎಂದಿರಿ. ಬೆಳಿಗ್ಗೆ ಮಗನಿಗೆ "ಟಿಕೆಟ್ ಮಾಡ್ಸು ಗುರು" ಎಂದಿರಿ.

ದೀಪಾವಳಿಯ ದಿನ ಕಣ್ಣುಗುಡ್ಡೆ, ತಲೆಬುರುಡೆ ಬಡಿಸಿದ್ದು ನಿಮಗೆ ಹಿಡಿಸಲಿಲ್ಲ ಎಂದು ನನ್ನ ಲೆಕ್ಕ. ಹೌದೋ ಅಲ್ಲವೋ? ಹೌದಾದರೆ ಬಯ್ಯಿರಿ. ಬೈಸಿಕೊಳ್ಳುವುದು ನನಗೆ ಬರುತ್ತದೆ. ಈ ಮೌನ ತಡೆಯಲು ನನ್ನಿಂದಾಗುವುದಿಲ್ಲ.

ಉತ್ತರ ಬಾರದಿದ್ದರೆ ಇನ್ನೂ ಉದ್ದ ಬರೆಯಲಿರುವ,
ನವ್ಯಾ

•

ಸರಸ್ವತಿಪುರಂ, ಮೈಸೂರು
23 ಫೆಬ್ರವರಿ 2025

ಚಿ. ಸೌ. ನವ್ಯಾಳಿಗೆ ನಂಜುಂಡಪ್ಪನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಉದ್ದವಾಯಿತು.

ವರ್ಷದ ಕಾರ್ಯ ತಿ. ನರಸೀಪುರದ ಸಂಗಮದಲ್ಲಿ ಆಯಿತು. ಗುರುದತ್ತ ಬಂದು ಮಾಡಬೇಕಾದ್ದು ಮಾಡಿ, ಮಾರನೇ ದಿನವೇ ವಿಮಾನ ಹತ್ತಿದ. ಹೊಳೆಯ ದಂಡೆಯಲ್ಲಿ ಕೂತಿದ್ದಷ್ಟು ಹೊತ್ತೂ ಅವನ ಫೋನು ಜೇಬಿನಲ್ಲಿ ಗುರುಗುಡುತ್ತಿತ್ತು. ನೀನು ಮಗುವಿನ ಪರೀಕ್ಷೆ ಎಂದು ಬರಲಿಲ್ಲ, ತಪ್ಪೇನಿಲ್ಲ.

ಊಟದ ವಿಷಯ ಬರೆದಿದ್ದೀಯ. ಊಟಕ್ಕೆ ನನ್ನ ತಕರಾರಿಲ್ಲ. ಬೀಟ್‌ರೂಟ್ ಸಾರಿಗೆ ಉಪ್ಪು ಕಮ್ಮಿ ಇತ್ತು. ಮುದ್ದೆಗೆ ಹಿಟ್ಟು ಇನ್ನೂ ಸ್ವಲ್ಪ ಬೇಯಬೇಕಿತ್ತು. ದ್ರಾಕ್ಷಿ ಇಟ್ಟ ಇಡ್ಲಿ ಮಕ್ಕಳಿಗೆ ಚೆನ್ನ. ಬೇರೆ ಏನೂ ಇಲ್ಲ. ಹವಾ ಒಗ್ಗಲಿಲ್ಲ, ಅಷ್ಟೆ.

ಇದನ್ನು ಮತ್ತೆ ಕೆದಕಬೇಡ. ಮಗುವಿಗೆ ಹಾಲು ಕುಡಿಸು, ಸಣ್ಣಗಾಗಿದೆ.

ಹಾರೈಸುವ,
ನಂಜುಂಡಪ್ಪ

•

ಬಾಂಗ್ಸಾರ್
30 ಮಾರ್ಚ್ 2025

ಮಾವ,

"ಹಸಿವಿಲ್ಲ" ಎಂದು ಒಳಗೆ ಹೋದವರು ಸಾರಿನ ಉಪ್ಪು, ಮುದ್ದೆಯ ಹದ ನೋಡಿದ್ದು ಯಾವಾಗ? ಬಾಗಿಲು ಹಾಕಿದ್ದ ಕೋಣೆಗೆ ನೀವು ಹೋಗಿದ್ದಿರಿ, ಅಲ್ಲವೇ? ನಾನೇನು ಅಷ್ಟು ದಡ್ಡಿಯಲ್ಲ.

ನಿಮ್ಮ ಮಗನನ್ನು ಕೇಳಿದೆ. "ಅಪ್ಪನ್ನೇ ಕೇಳು." ನಿಮ್ಮನ್ನು ಕೇಳಿದರೆ ಹವಾ. ನಿಮ್ಮ ವಂಶದವರಿಗೆಲ್ಲ ಬಾಯಿಗೆ ಬೀಗ ಹಾಕಿಯೇ ಕಳಿಸಿದ್ದಾನೆಯೇ ದೇವರು? ಇಷ್ಟು ದಿನ ಅನನ್ಯ ಮಾತ್ರ ನನ್ನ ಕಡೆಯವಳು ಎಂದುಕೊಂಡಿದ್ದೆ. ಈಗ ಅವಳೂ ನಿಮ್ಮ ಕಡೆ ಸೇರಿದ್ದಾಳೆ. ಮೊನ್ನೆ ಕಪಾಟು ಒರೆಸುವಾಗ ದೆವ್ವದೂಟದ ಬಿಸ್ಕತ್ತಿನ ಅಚ್ಚುಗಳು ಕಸದ ಬುಟ್ಟಿಯಲ್ಲಿದ್ದವು. ಜೇಡರಹುಳ, ಬಾವಲಿ, ಎಲ್ಲ. "ಯಾಕೇ?" ಎಂದರೆ "ನೋ ಮೋರ್ ಹ್ಯಾಲೋವೀನ್ ಅಮ್ಮ" ಎಂದಳು. ತಾತನಿಗೆ ಬೇಜಾರಾಗುತ್ತದೆ ಎಂದೇ? "ಡೋಂಟ್ ವಾಂಟ್ ಟು ಟಾಕ್ ಲಾ." ಹನ್ನೊಂದು ವರ್ಷದ ಹುಡುಗಿ, ಇಲ್ಲಿನವರಂತೆ ಮಾತಿನ ಕೊನೆಗೊಂದು 'ಲಾ' ಬೇರೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅದು ಇಂಗ್ಲಿಷಿನಲ್ಲಿ ಬಾಗಿಲು ಹಾಕುತ್ತದೆ.

ನೀವು ಇದ್ದಾಗ ಶನಿವಾರ ಬ್ರಿಕ್‌ಫೀಲ್ಡ್ಸ್‌ನ ತರಕಾರಿ ಅಂಗಡಿಗೆ ಹೋಗಿ ಬರುತ್ತಿದ್ದಿರಿ. ಅಂಗಡಿಯವನು ತಮಿಳಿನಲ್ಲಿ, ನೀವು ಕನ್ನಡದಲ್ಲಿ, ಜಗಳ ಮಾಡಿ ಎಳೆ ನುಗ್ಗೆಕಾಯಿ ಆರಿಸಿ ತರುತ್ತಿದ್ದಿರಿ. ಈಗ ನಾನು ಹೋದರೆ ಅವನು ಬಲಿತದ್ದನ್ನೇ ಕಟ್ಟಿಕೊಡುತ್ತಾನೆ. "ತಾತಾ ಎಂಗೆ?" ಎಂದು, ತಾತ ಎಲ್ಲಿ ಎಂದು, ಕೇಳುತ್ತಾನೆ. ಏನು ಹೇಳಲಿ ಅವನಿಗೆ, ಹವಾ ಒಗ್ಗಲಿಲ್ಲ ಎಂದೇ?

ನೀವು ವಾಪಸ್ಸು ಬರಬೇಕು ಮಾವ. ನೇರ ಹೇಳುತ್ತಿದ್ದೇನೆ. ಈ ಮನೆಯಲ್ಲಿ ನನ್ನ ಅಡುಗೆಗೆ ಉಪ್ಪು ಕಮ್ಮಿ ಎಂದು ಹೇಳುವವರು ಸಹ ಯಾರೂ ಇಲ್ಲ. ಫೋನು ನೋಡುತ್ತಾ ಉಂಡು ಏಳುತ್ತಾರೆ.

ನಿಜ ಏನೆಂದು ಬರೆಯಿರಿ.

ನವ್ಯಾ

•

ಸರಸ್ವತಿಪುರಂ, ಮೈಸೂರು
11 ಮೇ 2025

ಚಿ. ಸೌ. ನವ್ಯಾಳಿಗೆ,

ಹಟ ಹಿಡಿದಿದ್ದೀಯ. ಬರೆಯುತ್ತೇನೆ. ಓದಿ ಸುಮ್ಮನಿರು.

ನಮ್ಮ ಮನೆತನದಲ್ಲಿ ಹಿರಿಯರ ಹಬ್ಬ ದೀಪಾವಳಿ ಅಮಾವಾಸ್ಯೆಯ ಸಂಜೆ. ಚಾಮುಂಡಿಯನ್ನು ಕೊಟ್ಟ ಮನೆಯಲ್ಲಿ ದಸರಾಕ್ಕೆ ಮುಂಚಿನ ಮಾರ್ನಮಿ ಅಮಾವಾಸ್ಯೆಗೆ ಮಾಡುತ್ತಾರೆ, ನಮ್ಮದು ಹೀಗೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಎಡೆ ಇಡಬೇಕು. ಸಿಹಿಗುಂಬಳ ಇರಲೇಬೇಕು. ಎಲೆಯ ಮುಂದೆ ಅವರ ಬಟ್ಟೆ ಇಡಬೇಕು. ಒಂದು ದೀಪ ಬಿಟ್ಟು ಮಿಕ್ಕಿದ್ದೆಲ್ಲ ಆರಿಸಿ, ಬಾಗಿಲು ಹಾಕಿಕೊಂಡು ಆಚೆ ಬಂದು ಕೂರಬೇಕು. ಅವರು ಬಂದು ಉಂಡು ಹೋಗುವ ಹೊತ್ತು ಅದು, ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೆ ಕೆಮ್ಮಿ, ಸದ್ದು ಮಾಡಿ ಬಾಗಿಲು ತೆಗೆಯಬೇಕು. ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ, ಆದರೆ ಎಡೆ ತಪ್ಪಿಸುವಂತಿಲ್ಲ. ಹೊಸದಾಗಿ ಹೋದವರು ಮೊದಲನೇ ಸಲ ಬಹಳ ಹಸಿದು ಬರುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು.

ಇದನ್ನು ನಿನಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ವರ್ಷವೇ ಮಲೇಷಿಯಾಕ್ಕೆ ಹೋದೆ, ನಮ್ಮ ಮನೆಯ ದೀಪಾವಳಿ ನೀನು ನೋಡಿಲ್ಲ. ಗುರುದತ್ತನಿಗೆ ಗೊತ್ತು.

ಆ ದಿನ ಬೆಳಿಗ್ಗೆಯಿಂದ ಹೇಗೆ ಕೇಳುವುದು ಎಂದು ನಾನು ಒದ್ದಾಡುತ್ತಿದ್ದೆ. ಸೊಸೆಗೆ ಹೊರೆಯಾಗಬಾರದು ಎಂದು ಬಾಯಿ ಬರಲಿಲ್ಲ. ಅಷ್ಟರಲ್ಲಿ ನೀನು ಸಿಹಿಗುಂಬಳ ತಂದೆ. ಬಾಳೆಲೆ ತಂದೆ. ನಿಮ್ಮತ್ತೆ ಜಯಮಾಲಾಗೆ ಮುದ್ದೆ ಎಂದರೆ ಪ್ರಾಣ, ನೀನು ಮುದ್ದೆಗೆ ಎಸರಿಟ್ಟೆ. ದೀಪ ಆರಿಸಿದೆ. ಒಂದು ಕುರ್ಚಿಗೆ ಬಿಳಿ ಬಟ್ಟೆ ಹಾಸಿದೆ. ಬಾಗಿಲು ಹಾಕಿ ಯಾರೂ ಹೋಗಬೇಡಿ ಎಂದೆ. ನಾನು ಇನ್ನೇನು ಅಂದುಕೊಳ್ಳಲಿ, ನೀನೇ ಹೇಳು. ಗುರು ಹೇಳಿಕೊಟ್ಟಿದ್ದಾನೆ, ಈ ಹುಡುಗಿ ನನಗೂ ಹೇಳದೆ ಅತ್ತೆಗೆ ಎಡೆ ಇಡುತ್ತಿದ್ದಾಳೆ ಎಂದು ತಿಳಿದೆ. ನನಗೆ ಕಣ್ಣು ತುಂಬಿ ಬಂತು.

ಅವಳ ಕೊಳ್ಳೇಗಾಲದ ಸೀರೆ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ತಂದು ಕುರ್ಚಿಯ ಮೇಲಿಟ್ಟೆ. ಸಾರು, ಮುದ್ದೆ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡೆ, ಹಾಗೆ ಮಾಡಬಾರದಿತ್ತು, ಮಾಡಿದೆ. ಇಡ್ಲಿಯ ದ್ರಾಕ್ಷಿ, ಮುದ್ದೆಯ ಕುಳಿ ಮಗುವಿನ ಆಸೆಗೆ ಮಾಡಿದ್ದು ಎಂದುಕೊಂಡೆ. ಕೈ ಮುಗಿದು ಆಚೆ ಬಂದು ಬಾಗಿಲ ಎದುರು ಕೂತೆ.

ಆಮೇಲೆ ಅದು ಮಕ್ಕಳ ಆಟ ಎಂದು ತಿಳಿಯಿತು. ಅಷ್ಟೇ ನಡೆದದ್ದು.

ಎಡೆ ಗಂಡುಮಗನ ಮನೆಯಲ್ಲಿ ಇಡಬೇಕು. ಬನ್ನೂರಿನ ಬಾಡಿಗೆ ಮನೆ ಬಿಟ್ಟ ಮೇಲೆ ನನಗೆ ಮನೆಯಿಲ್ಲ. ಚಾಮುಂಡಿಯ ಮನೆಯಲ್ಲಿ ಅವರ ಹಿರಿಯರಿಗೆ ಇಡುತ್ತಾರೆ, ನಿಮ್ಮತ್ತೆಗೆ ಅಲ್ಲಿ ಜಾಗವಿಲ್ಲ. ಮೊದಲನೇ ವರ್ಷ ಅವಳು ಉಣ್ಣದೆ ಹೋದಳು. ಅದು ನನ್ನ ಸಂಕಟ, ನಿನ್ನದಲ್ಲ.

ನಂಜುಂಡಪ್ಪ

•

ಬಾಂಗ್ಸಾರ್
8 ಜೂನ್ 2025

ಮಾವ,

ನಿಮ್ಮ ಪತ್ರ ಓದಿ ಮೊದಲು ಅತ್ತುಬಿಟ್ಟೆ. ಆಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಕ್ಕಿ ತೊಳೆಯುವ ಪಾತ್ರೆ ಎತ್ತಿ ಸಿಂಕಿಗೆ ಹಾಕಿದೆ.

ಅಡುಗೆಮನೆ ಎಷ್ಟು ದೂರವಿತ್ತು ಮಾವ? "ನವ್ಯಾ, ಇದು ನಿಮ್ಮತ್ತೆಗಾ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಣ್ಣುಗುಡ್ಡೆಯನ್ನೆಲ್ಲ ಆಚೆ ತೆಗೆದು ಹತ್ತು ನಿಮಿಷದಲ್ಲಿ ಅದನ್ನೇ ಎಡೆ ಮಾಡುತ್ತಿದ್ದೆ. ಸೊಸೆಗೆ ಹೊರೆ ಅಂತೆ! ಜೂನ್‌ನಿಂದ ನನ್ನ ಸಾರಿಗೆ ಹೆಸರಿಟ್ಟವರಿಗೆ ಅವತ್ತೊಂದು ದಿನ ಸಂಕೋಚ ಬಂತೇ? ನನ್ನನ್ನು ಮನೆಯವಳು ಎಂದುಕೊಂಡಿದ್ದರೆ ಕೇಳುತ್ತಿದ್ದಿರಿ. ಅದು ನನಗೆ ನೋವು. ಬರೆದುಬಿಟ್ಟೆ.

ನಿಮ್ಮ ಮಗನ ಮುಂದೆ ಪತ್ರ ಹಿಡಿದೆ. ಓದಿ, ಮಡಚಿ, ವಾಪಸ್ಸು ಕೊಟ್ಟರು. "ಗೊತ್ತಿತ್ತು. ಅವತ್ತು ಬೇಕು ಅಂತಲೇ ಲೇಟಾಗಿ ಬಂದೆ" ಎಂದರು. ಯಾಕೆಂದರೆ ಅಮ್ಮನ ಹೆಸರಿನಲ್ಲಿ ಎಲೆ ಹಾಸಿದರೆ ಅಮ್ಮ ಸತ್ತದ್ದು ನಿಜವಾಗಿಬಿಡುತ್ತದಂತೆ. ಸಂಗಮದಲ್ಲಿ ಕಾರ್ಯ ಮಾಡಿ ಬಂದವರು ಹೇಳುವ ಮಾತೇ ಇದು? ಹೊಳೆಯ ದಂಡೆ ಬೇರೆ, ಮನೆ ಬೇರೆ ಎನ್ನುತ್ತಾರೆ. ಅವರನ್ನು ಏನು ಮಾಡಬೇಕೋ ನನಗೆ ತಿಳಿಯದು.

ಆದರೆ ಮುಖ್ಯ ವಿಷಯ ಇನ್ನೂ ಇದೆ. "ಅಷ್ಟೇ ನಡೆದದ್ದು" ಎಂದು ಬರೆದಿರಿ. ಅಷ್ಟೇ ಅಲ್ಲ. ಅನನ್ಯಳನ್ನು ಕೂರಿಸಿಕೊಂಡು ಎಡೆ ಎಂದರೆ ಏನೆಂದು ಹೇಳಿದೆ. ಕೇಳುತ್ತಾ ಕೇಳುತ್ತಾ ಮಗು ಬಿಕ್ಕಿದಳು. ಅವತ್ತು ನಾನು ಒಲೆಯ ಕಡೆ ತಿರುಗಿದ್ದಾಗ ಅವಳು ಅಡುಗೆಮನೆಯ ಕಡೆಯ ಬಾಗಿಲಿನಿಂದ ಊಟದ ಕೋಣೆಗೆ ನುಗ್ಗಿದ್ದಾಳೆ. ಕುರ್ಚಿಯ ಮೇಲೆ ಅಜ್ಜಿಯ ಸೀರೆ ಕಂಡಿದೆ. ಮುಖಕ್ಕೆ ಪೌಡರ್ ಬಳಿದುಕೊಂಡು, ಸೀರೆಯನ್ನು ತಲೆಮೇಲಿಂದ ಹೊದ್ದು, ಒಳಗಿನಿಂದ ಬಾಗಿಲು ತೆಗೆದು ನಿಮ್ಮ ಮುಂದೆ ಬಂದು ನಿಂತಿದ್ದಾಳೆ. "ಐ ವಾಸ್ ಬೀಯಿಂಗ್ ಅಜ್ಜಿ. ಐ ಥಾಟ್ ತಾತ ವಿಲ್ ಬಿ ಹ್ಯಾಪಿ." ಅವಳು ಅಜ್ಜಿಯಾಗಿ ಬಂದದ್ದು ಮಾವ. ಅಣಕಿಸಲು ಅಲ್ಲ.

ನೀವು ಎದ್ದು ನಿಂತು "ಇಳಿ ಕೆಳಗೆ! ಇಳಿ! ಆಚೆ ಹೋಗು!" ಎಂದು ಕೂಗಿದಿರಂತೆ. ಸೀರೆ ಕಿತ್ತುಕೊಂಡಿರಂತೆ. ಅಂದಿನಿಂದ ಮಗು ತಾತ ಹೋದದ್ದು ತನ್ನಿಂದಲೇ ಎಂದುಕೊಂಡು ಒಳಗೊಳಗೇ ನವೆದಿದೆ.

ನಿಮ್ಮನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಮಗಳನ್ನು ಕುಡಿದು ಬಸ್ಸು ಹತ್ತಿದವನನ್ನು ಇಳಿಸುವ ಹಾಗೆ ಗದರಿಸಿದ್ದೇಕೆ? ಇದಕ್ಕೆ ಹವಾ ಗಿವಾ ಎಂದು ಬರೆಯಬೇಡಿ.

ನವ್ಯಾ

•

ಸರಸ್ವತಿಪುರಂ, ಮೈಸೂರು
24 ಸೆಪ್ಟೆಂಬರ್ 2025

ಚಿ. ಸೌ. ನವ್ಯಾಳಿಗೆ,

ಬರೆಯಲು ತಡವಾಯಿತು. ಬರೆದು ಹರಿದೆ, ಬರೆದು ಹರಿದೆ. ಮಳೆಗಾಲ ಹೀಗೇ ಹೋಯಿತು.

ಮೊನ್ನೆ ಇಲ್ಲಿ ಚಾಮುಂಡಿ ಅವರ ಹಿರಿಯರಿಗೆ ಎಡೆ ಇಟ್ಟಳು. ಅವಳ ಮಾವನಿಗೆ ಮಟನ್ ಸಾರು, ಅವರ ಅಣ್ಣನಿಗೆ ಒಂದು ಕಟ್ಟು ಬೀಡಿ, ಯಾರೋ ಅಜ್ಜಿಗೆ ಚಕ್ಕುಲಿ. ಬಾಗಿಲು ಹಾಕಿದರು. ಎಲ್ಲರ ಜೊತೆ ನಾನೂ ಆಚೆ ಕೂತೆ. ನನ್ನವರು ಯಾರೂ ಒಳಗೆ ಬರುವವರಿರಲಿಲ್ಲ. ಬೇರೆಯವರ ಬಸ್ಸಿಗೆ ಕಾದಂತಾಯಿತು.

ಅಲ್ಲಿ ಕೂತಿದ್ದಾಗ ನಿರ್ಧಾರ ಮಾಡಿದೆ, ನಿನಗೆ ಬರೆದೇಬಿಡುವುದು ಎಂದು.

ನಾನು ಮಗುವನ್ನು ಗದರಿಸಲಿಲ್ಲ ನವ್ಯಾ. ಆಗ ಅಲ್ಲಿ ಮಗು ನನಗೆ ಕಾಣಲೇ ಇಲ್ಲ. ಅರವತ್ತು ವರ್ಷದಿಂದ ಎಡೆಯ ಬಾಗಿಲ ಮುಂದೆ ಕೂತಿದ್ದೇನೆ. ನಮ್ಮಪ್ಪನಿಗೆ, ಅವ್ವನಿಗೆ, ಅಣ್ಣನಿಗೆ. ಆ ಬಾಗಿಲನ್ನು ಯಾವಾಗಲೂ ನಾವು ಹೊರಗಿನಿಂದ ತೆಗೆಯುವುದು. ಅದು ಒಳಗಿನಿಂದ ತೆರೆದದ್ದನ್ನು ನಾನು ನೋಡಿರಲಿಲ್ಲ. ಅವತ್ತು ತೆರೆಯಿತು. ಕತ್ತಲಲ್ಲಿ ಆ ಸೀರೆ, ಬಿಳಿ ಮುಖ. ಜಯಮಾಲಾ ಬಂದು ನಿಂತಳು ಎಂದೇ ತಿಳಿದೆ. ಅನುಮಾನವೇ ಬರಲಿಲ್ಲ.

ಫೆಬ್ರವರಿಯಿಂದ ದಿನಾ ಕರೆದಿದ್ದೆ ಅವಳನ್ನು. ಒಂದು ಸಲ ಬಾ ಎಂದು. ಬಂದಳು. ಬಂದರೆ ನಾನು ಹೆದರಿದೆ. ಬಾಯಿಗೆ ಬಂದದ್ದು ಅದೇ ಡ್ಯೂಟಿಯ ಮಾತು. ಇಳಿ ಕೆಳಗೆ, ಆಚೆ ಹೋಗು. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವಳಿಗೆ. ಹಸಿದು ಬಂದವಳಿಗೆ.

ಒಂದು ಗಳಿಗೆಯ ನಂತರ ಮಗುವಿನ ಮುಖ ಕಂಡಿತು. ಅದು ಅನನ್ಯ ಎಂದು ಗೊತ್ತಾಯಿತು. ಆದರೂ ಏನು ಬಂತು? ನಿಜವಾಗಿ ಅವಳೇ ಬಂದಿದ್ದರೂ ನಾನು ಹಾಗೇ ಕೂಗುತ್ತಿದ್ದೆ. ಅದು ನನಗೆ ಗೊತ್ತಾಗಿಹೋಯಿತು. ಆ ಮನೆಯಲ್ಲಿ ಆ ಬಾಗಿಲು ನೋಡಿಕೊಂಡು ಇರಲು ನನ್ನಿಂದ ಆಗಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ಮಗುವಿನ ಮೇಲೆ ಸಿಟ್ಟಿಲ್ಲ. ಮಗುವಿಗೆ ಇದನ್ನು ತಿಳಿಯುವ ಹಾಗೆ ಹೇಳು. ನನ್ನ ಇಂಗ್ಲಿಷ್ ಟಿಕೆಟ್, ಚೇಂಜ್ ಅಷ್ಟಕ್ಕೆ ಮುಗಿಯುತ್ತದೆ.

ನಾನು ಇನ್ನು ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಅವಳಿಗೆ ಎಲೆ ಹಾಸಲಿ? ಕರೆದರೂ ಅವಳು ಬರುತ್ತಾಳೆಯೇ?

ನಂಜುಂಡಪ್ಪ

•

ಬಾಂಗ್ಸಾರ್
7 ಅಕ್ಟೋಬರ್ 2025

ಮಾವ,

ಇದನ್ನು ಅಂಚೆಗೆ ಹಾಕಿದರೆ ಹಬ್ಬ ಮುಗಿದ ಮೇಲೆ ತಲುಪುತ್ತದೆ. ಫೋಟೋ ತೆಗೆದು ಚಾಮುಂಡಿಗೆ ಕಳಿಸುತ್ತಿದ್ದೇನೆ, ಅವಳು ಪ್ರಿಂಟ್ ಹಾಕಿಸಿ ಕೊಡುತ್ತಾಳೆ.

ನಿಮ್ಮ ಪತ್ರವನ್ನು ಅನನ್ಯಳಿಗೆ ಓದಿ ಹೇಳಿದೆ. ತಿಳಿಯದ ಮಾತಿಗೆ ನಿಲ್ಲಿಸಿ ಕೇಳಿಕೊಂಡಳು. ಪೂರ್ತಿ ಕೇಳಿ, ಏನೂ ಹೇಳದೆ ಎದ್ದು ಹೋದಳು. ನಿಮ್ಮ ಮೊಮ್ಮಗಳು, ಇನ್ನೇನು ಮಾಡುತ್ತಾಳೆ! ಸಂಜೆ ನನ್ನ ಹತ್ತಿರ ಬಂದು ಬಿಸ್ಕತ್ತಿನ ಅಚ್ಚು ಮತ್ತೆ ಕೊಡಿಸು ಎಂದಳು.

ನಿಮ್ಮ ಮಗ ಊಟ ಬಿಟ್ಟು ಎದ್ದರು. ನಾನು ಬಿಡಲಿಲ್ಲ. "ನಿಮ್ಮಮ್ಮ ಇಷ್ಟು ದಿನ ಹಸ್ಕೊಂಡಿರೋದು ನಿಮ್ಮಿಬ್ಬರ ಮೌನದಿಂದ. ಎಡೆ ಗಂಡುಮಗನ ಮನೇಲೇ ಇಡ್ಬೇಕಂತೆ, ಈ ಮನೆ ಯಾರ್ದು?" ಎಂದೆ. ಕೆಟ್ಟದಾಗಿ ಕಿರುಚಿದೆ, ಎದುರು ಮನೆಯ ಅಮ್ಮ ಕಿಟಕಿಗೆ ಬಂದರು. ಮಾರನೇ ದಿನ ಟಿಕೆಟ್ಟು ಬುಕ್ ಆಗಿತ್ತು. ನಿಮ್ಮದು. ಹದಿನೆಂಟನೇ ತಾರೀಖು, ಬೆಂಗಳೂರಿನಿಂದ. ಅವರ ಬಾಯಿಂದ ಮಾತು ಬರುವುದಿಲ್ಲ, ಹೀಗೆ ಬರುತ್ತದೆ.

ಮುಖ ಗಿಖ ಎಂದು ಬರೆಯಬೇಡಿ. ಅದೇ ಮುಖ ಇಟ್ಟುಕೊಂಡು ಬನ್ನಿ. ಎಡೆ ದೀಪಾವಳಿ ಅಮಾವಾಸ್ಯೆಗೆ, ದೆವ್ವದೂಟ ತಿಂಗಳ ಕೊನೆಗೆ. ಈ ವರ್ಷ ಎರಡೂ ಬೇರೆ ಬೇರೆ ದಿನ, ದೇವರ ದಯೆ. ಮುದ್ದೆ ನೀವೇ ತಿರುವಿ, ನನ್ನದು ಬೇಯುವುದಿಲ್ಲವಲ್ಲ.

ಕಾಯುತ್ತಿರುವ,
ನವ್ಯಾ

•

ಬಾಂಗ್ಸಾರ್
1 ನವೆಂಬರ್ 2025

ಚಿ. ಸೌ. ಚಾಮುಂಡಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಸೆಕೆ. ಮೊಣಕಾಲು ನೋವು ಹಾಗೇ ಇದೆ. ನಿಮ್ಮತ್ತಿಗೆಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ, ಲೋಟ ಕುಕ್ಕಿ ಕಾಫಿ ಕೊಡುತ್ತಾಳೆ. ಕಾಫಿ ಚೆನ್ನಾಗಿರುತ್ತದೆ.

ಅಮಾವಾಸ್ಯೆಯ ಎಡೆಯ ವಿಷಯ ಕೇಳಿದ್ದೆಯಂತೆ. ಇಟ್ಟೆವು. ಗುರುದತ್ತ ರಜೆ ಹಾಕಿದ್ದ. ಎಲೆ ಹಾಸುವಾಗ ಯಾವ ಕಡೆಗೆ ತುದಿ ಬರಬೇಕು ಎಂದು ನನ್ನನ್ನು ಕೇಳಿದ, ಅಷ್ಟೇ ಮಾತು. ಬಾಗಿಲು ಹಾಕಿ ಆಚೆ ಕೂತಾಗ ಅವನು ನನ್ನ ಭುಜಕ್ಕೆ ತಲೆಯಿಟ್ಟು ಅತ್ತ. ಬಹಳ ಹೊತ್ತು ಕೂತೆವು. ಕೆಮ್ಮಿ ಬಾಗಿಲು ತೆಗೆದೆ. ಎಲೆಯಲ್ಲಿ ಇಟ್ಟದ್ದು ಇಟ್ಟಂತೆಯೇ ಇತ್ತು. ಯಾವಾಗಲೂ ಹಾಗೇ ಇರುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಈ ಸಲ ಎಲೆಯನ್ನೇ ನೋಡುತ್ತಾ ನಿಂತೆ. ನಾನು ಓಡಿಸಿದ್ದಕ್ಕೆ ಅವಳು ಬರಲಿಲ್ಲ ಎಂದುಕೊಂಡೆ. ನವ್ಯಾ ಎಲೆ ತೆಗೆಯುತ್ತಾ "ಉಪ್ಪು ಕಮ್ಮಿ ಆಯ್ತೇನೋ" ಎಂದಳು. ನಗಿಸಲು ನೋಡಿದಳು, ನನಗೆ ನಗು ಬರಲಿಲ್ಲ.

ನಿನ್ನೆ ಇವರ ಹ್ಯಾಲೋವೀನು. ಅನನ್ಯ ನಾನು ಬಂದಾಗಿನಿಂದ ಹತ್ತಿರ ಸುಳಿದಿರಲಿಲ್ಲ. ದೂರದಿಂದ "ಹಾಯ್ ತಾತ" ಎನ್ನುವುದು, ರೂಮಿಗೆ ಹೋಗುವುದು. ನಿನ್ನೆ ಮಧ್ಯಾಹ್ನ ಸೀದಾ ಬಂದು ನಿಂತಳು. "ತಾತ, ಕ್ಯಾನ್ ಐ ಹ್ಯಾವ್ ಅಜ್ಜೀಸ್ ಸೀರೆ?" ಎಂದು ಕೇಳಿದಳು. ನವ್ಯಾ ಒಗ್ಗರಣೆ ಬಿಟ್ಟು ಓಡಿ ಬಂದಳು ಬೈಯಲು. ನಾನು ಪೆಟ್ಟಿಗೆ ತೆಗೆದು ಕೊಟ್ಟೆ. ಬರುವವಳು ಮಗು ಎಂದು ಗೊತ್ತಿದೆ, ಈ ಸಲ ಸರಿಯಾಗಿ "ಬಾಮ್ಮ" ಎಂದು ಕರೆಯಬೇಕು ಎಂದುಕೊಂಡೆ. ಮಧ್ಯಾಹ್ನವೆಲ್ಲ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಮುದ್ದೆ ನಾನೇ ತಿರುವಿದೆ. ಅದಕ್ಕೆ ಕಣ್ಣು, ಹಲ್ಲು ಇಡುವುದು ಅನನ್ಯಳ ಕೆಲಸ. ದೀಪ ಆರಿಸಿದರು. ನವ್ಯಾ, ಗುರು, ಆ ಇಂಚರ ಹುಡುಗಿ, ಎಲ್ಲರೂ ಆಚೆ ಕೂತೆವು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಅದು ತೆರೆಯಿತು. ಆ ಸೀರೆ ಬಂತು.

ನಾನು ಕಿರುಚಿದೆ ಚಾಮುಂಡಿ. ಗೊತ್ತಿದ್ದೂ ಕಿರುಚಿದೆ. ಹೋದ ವರ್ಷಕ್ಕಿಂತ ಜೋರಾಗಿ.

ಎಲ್ಲರೂ ಗಾಬರಿಯಾಗಿ ನನ್ನನ್ನೇ ನೋಡಿದರು. ಗುರುದತ್ತ ಎದ್ದು ನಿಂತ. ಅನನ್ಯ ಮಾತ್ರ ಕುಣಿದುಬಿಟ್ಟಳು. ಓಡಿ ಬಂದು ನನ್ನನ್ನು ತಬ್ಬಿಕೊಂಡು "ಯೂ ಸ್ಕ್ರೀಮ್ಡ್ ತಾತ! ಯೂ ಸ್ಕ್ರೀಮ್ಡ್!" ಎಂದಳು. ನಾನು ಸಾರಿ ಎಂದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಸಾರಿ ಯಾಕೆ ಎಂದು ಕೇಳಿದಳು. ಆಮೇಲೆ ನನಗೆ ತಿಳಿಯಲಿ ಎಂದು ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು. "ತಾತ, ಘೋಸ್ಟ್ ಬಂದ್ರೆ ಸ್ಕ್ರೀಮ್ ಮಾಡ್ಬೇಕು. ಯಾರೂ ಮಾಡಿಲ್ಲ ಅಂದ್ರೆ ಘೋಸ್ಟ್‌ಗೆ ತುಂಬಾ ಬೇಜಾರು ಲಾ. ಲಾಸ್ಟ್ ಇಯರ್ ಅಜ್ಜಿಗೆ ಖುಷಿ ಆಗಿರತ್ತೆ."

ನಿಮ್ಮಮ್ಮ ಹೇಗೆ ಎಂದು ನಿನಗೆ ಗೊತ್ತು. ನಾನು ನೈಟ್ ಡ್ಯೂಟಿ ಮುಗಿಸಿ ಬಂದರೆ ಬಾಗಿಲ ಹಿಂದೆ ನಿಂತು ಹೆದರಿಸುತ್ತಿದ್ದಳು. ನಾನು ಬೆಚ್ಚಿಬಿದ್ದು ಬೈದರೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ನನಗೆ ಇದು ಒಂದು ದಿನವೂ ನೆನಪಾಗಿರಲಿಲ್ಲ.

ಅನನ್ಯ ಅದೇ ಸೀರೆ ಹೊದ್ದುಕೊಂಡು ಬಿಳಿ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂತಳು. ಎಲೆಗೆ ನಾನೇ ಬಡಿಸಿದೆ. ಇವಳು ಮಾಮೂಲಿಗೆ ಮುದ್ದೆ ಕಂಡರೆ ಮೂಗು ಮುರಿಯುತ್ತಾಳಂತೆ. ನಿನ್ನೆ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದಳು, ಇನ್ನೊಂದು ಹಾಕಿಸಿಕೊಂಡಳು. ನವ್ಯಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಎಡೆಯ ಎಲೆ ಖಾಲಿಯಾದದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಿನ್ನ,
ಅಪ್ಪ